ಬರೆದಷ್ಟು ಗಾಳಿ

ಉಸಿರಾಡುವುದಕ್ಕೂ ಅರ್ಜಿ ಹಾಕಬೇಕಾಗಿ ಬಂದರೆ ಮನುಷ್ಯ ಏನು ಮಾಡುತ್ತಾನೆ? ಹಾಕುತ್ತಾನೆ. ಒಳಪೇಟೆಯ ನಲವತ್ತು ಸಾವಿರ ಜನ ಹದಿಮೂರು ವರ್ಷಗಳಿಂದ, ದಿನಕ್ಕೆ ಐದು ಸಲ, ತಪ್ಪದೆ ಹಾಕುತ್ತಿದ್ದರು.

ಕಾಗಿಣಾ ನದಿಯ ದಂಡೆಯಲ್ಲಿ, ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆದು ತೆಗೆದು ಬರಿದಾದ ಖಣಿಗಳಿದ್ದವು. ಬೇಸಿಗೆಯ ಬಿಸಿಲು ಐವತ್ತನಾಲ್ಕು ಡಿಗ್ರಿ ದಾಟಿ, ಹೊರಗೆ ನಿಂತವರು ನಿಂತಲ್ಲೇ ಕುಸಿಯತೊಡಗಿದಾಗ ಜನ ಆ ಖಣಿಗಳಿಗೆ ಚಾವಣಿ ಹೊದಿಸಿ, ಗೋಡೆಗಳಲ್ಲಿ ಗವಿ ಕೊರೆದು, ಓಣಿ ಮಾಡಿಕೊಂಡು ಕೆಳಗಿಳಿದರು. ಅದೇ ಒಳಪೇಟೆ. ನೆಲದಡಿ ತಂಪಿತ್ತು, ಗಾಳಿ ಇರಲಿಲ್ಲ. ಹೊರಗಿನ ಕೆಂಡದಂಥ ಗಾಳಿಯನ್ನು ತಣಿಸಿ ಒಳಗೆ ನೂಕಲು ಎರಡು ದೊಡ್ಡ ಬೀಸಣಿಗೆಗಳಿದ್ದವು. ಅವು ಎಷ್ಟೇ ತಿರುಗಿದರೂ ಗಾಳಿಯನ್ನು ಅಳೆದು ಹಂಚಿದರೆ ಮಾತ್ರ ಎಲ್ಲರಿಗೂ ಸಾಲುತ್ತಿತ್ತು.

ಹಾಗಾಗಿ ಪ್ರತಿ ಮನೆಯ ಗೋಡೆಯಲ್ಲೂ ಒಂದು ಪರದೆ. ಹಗಲು ಮೂರು ಗಂಟೆಗೊಮ್ಮೆ ಅದರ ಮೇಲೆ ಒಂದು ಫಾರ್ಮ್ ಮೂಡುತ್ತಿತ್ತು. ಅದನ್ನು ತುಂಬಿ ಒತ್ತಿದರೆ ಆ ಮನೆಯ ಕವಾಟ ತೆರೆದೇ ಇರುತ್ತಿತ್ತು. ಒತ್ತದಿದ್ದರೆ ಮನೆ ಖಾಲಿ ಎಂದು ತಿಳಿದು ಮುಚ್ಚಿಕೊಳ್ಳುತ್ತಿತ್ತು. ಅವಸರ ಬಿದ್ದರೆ ನಡುವೆಯೂ ಫಾರ್ಮ್ ತೆರೆದು ಬರೆಯಬಹುದಿತ್ತು. ಅರ್ಜಿ ಗಾಳಿ ಹಂಚುವ ಕಚೇರಿಯಾದ ಗಾಳಿಮನೆಯ ಸರ್ವರ್‌ಗೆ ಮುಟ್ಟಿದ ಕೂಡಲೇ ಅಲ್ಲಿನ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಆದೇಶಗಳ ಸಾಲು, ಎರಡು ಬಗೆಯ ಸಂಗತಿಗಳನ್ನು ಎತ್ತಿಕೊಳ್ಳಬಹುದಿತ್ತು. ಒಂದು, ಮನೆಯವರು ಬರೆದದ್ದು: ಒಳಗೆ ಎಷ್ಟು ಮಂದಿ, ಯಾರಿಗಾದರೂ ಹುಷಾರಿಲ್ಲವೇ, ಬೇರೇನಾದರೂ ಹೇಳುವುದಿದೆಯೇ. ಇನ್ನೊಂದು, ಯಾರೂ ಬರೆಯದಿದ್ದರೂ ಸರ್ವರ್‌ಗೆ ತಾನಾಗಿ ತಿಳಿಯುವುದು: ಅರ್ಜಿ ಯಾವ ವಿಳಾಸದಿಂದ, ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಬಂತು ಎಂಬುದು. ಅಂಚೆ ಕಾಗದಕ್ಕೆ ಹೋಲಿಸಿದರೆ ಒಳಗಿನ ಒಕ್ಕಣೆ ಒಂದು, ಲಕೋಟೆಯ ಮೇಲಿನ ಮುದ್ರೆ ಇನ್ನೊಂದು.

ಆ ಸ್ಕ್ರಿಪ್ಟನ್ನು ನೋಡಿಕೊಳ್ಳುವ ಕೆಲಸ ಚಂದ್ರಭಾಗಾಳದು. ವಯಸ್ಸು ನಲವತ್ತಾರು. ಗಂಡ ಮಾಣಿಕಪ್ಪ ಕಲ್ಲುಕುಟಿಗ. ಓಣಿಗಳ ಗೋಡೆ ಬಿರುಕು ಬಿಡದಂತೆ ಕಾಯುವ ತಂಡದ ಮುಂದಾಳು. ಮನೆಯಲ್ಲಿ ಮೂರನೆಯವರು ಅತ್ತೆ ಸೂಗಮ್ಮ.

ಅವತ್ತು ಬೆಳಗಿನ ಒಂಬತ್ತರ ಪಾಳಿಗೆ ಸೂಗಮ್ಮ ಎಂದಿನಂತೆ ಪರದೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಮಂದಿ ಮೂವರು ಎಂದು ತುಂಬಿ, ಕೆಳಗಿನ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು.

"ಏನ್ ಬರೀಲಾಕತ್ತೀರಿ ಅತ್ತಿ? ರೊಟ್ಟಿ ಆರ್ತಾವ ನೋಡ್ರಿ" ಎಂದಳು ಚಂದ್ರಭಾಗಾ, ತನ್ನ ತಾಟಿಗೆ ಪುಂಡಿಪಲ್ಯ ಹಾಕಿಕೊಳ್ಳುತ್ತ.

"ನಿನ್ನಿ ಗಾಳಿ ಭಾಳ ಚಲೋ ಇತ್ತು, ನಿಮ್ಮ ಮಕ್ಕಳು ಮರಿ ತಣ್ಣಗಿರ್ಲಿ ಅಂತ ಬರದೀನಿ. ಬರೇ ಕೇಳೂದ ಆತು, ಒಮ್ಮಿ ಒಳ್ಳೇದೂ ಅನಬೇಕಲ್ಲ." ಸೂಗಮ್ಮ ಗುಂಡಿ ಒತ್ತಿ ತಿರುಗಿದರು. "ಓದ್ತಾರಿಲ್ಲೋ ಇದನ್ನ?"

"ಓದ್ತಾರ್ರಿ" ಎಂದಳು ಚಂದ್ರಭಾಗಾ. ಅವರ ಕಡೆ ನೋಡದೆ ರೊಟ್ಟಿ ಮುರಿದಳು.

ಯಾರೂ ಓದುತ್ತಿರಲಿಲ್ಲ. ಅದು ಒಳಪೇಟೆಯಲ್ಲಿ ಇಬ್ಬರಿಗೆ ಮಾತ್ರ ತಿಳಿದಿದ್ದ ಗುಟ್ಟು: ಒಬ್ಬಳು ಚಂದ್ರಭಾಗಾ, ಇನ್ನೊಬ್ಬರು ಗಾಳಿಮನೆಯ ಮುಖ್ಯಸ್ಥ ಮಶಾಕ್ ಪಟೇಲರು. ಮೊದಲ ನಾಲ್ಕು ವರ್ಷ ಸ್ಕ್ರಿಪ್ಟ್ ಜನ ಬರೆದ ಲೆಕ್ಕವನ್ನೇ ನಂಬುತ್ತಿತ್ತು. ಒಂದು ಬೇಸಿಗೆಯಲ್ಲಿ ಮೇಲಿನ ಓಣಿಯವರು ನಾಲ್ಕು ಜನರಿದ್ದಲ್ಲಿ ಒಂಬತ್ತು ಎಂದು ಬರೆದರು. ಒಬ್ಬರನ್ನು ನೋಡಿ ಒಬ್ಬರು. ಕೆಳಗಿನ ಓಣಿಗೆ ಗಾಳಿ ತಲುಪಲಿಲ್ಲ. ಹನ್ನೊಂದು ಜನ ಉಸಿರುಕಟ್ಟಿ ಸತ್ತರು. ಅವರಲ್ಲಿ ಪಟೇಲರ ತಂಗಿಯೂ ಇದ್ದಳು. ಮರುದಿನವೇ ಪಟೇಲರು ನಿಯಮ ಮಾಡಿದರು: ಬರೆದದ್ದನ್ನು ನೋಡಬೇಡ. ಯಾವ ವಿಳಾಸದಿಂದ ಬಂತು ಎಂದಷ್ಟೇ ನೋಡು, ಆ ಮನೆಯಲ್ಲಿ ಎಷ್ಟು ಜನ ಎಂಬುದನ್ನು ನೋಂದಣಿಯಿಂದ ತೆಗೆದುಕೋ. ಫಾರ್ಮನ್ನು ಮಾತ್ರ ತೆಗೆಯಲಿಲ್ಲ. ಜನಕ್ಕೆ ಸಮಾಧಾನವಾಗಿರಲಿ ಎಂದು ಹಾಗೇ ಬಿಟ್ಟರು.

ಆ ಮೇಲೆ ಒಬ್ಬರೂ ಸಾಯಲಿಲ್ಲ. ಹಾಗಾಗಿ ಚಂದ್ರಭಾಗಾ ಎದುರಾಡಲಿಲ್ಲ. ಆದರೆ ಎರಡು ವರ್ಷದ ಹಿಂದೆ ಪಟೇಲರಿಗೆ ತಿಳಿಸದೆ ಒಂದು ಕೆಲಸ ಮಾಡಿದ್ದಳು. ಸ್ಕ್ರಿಪ್ಟ್ ಎಸೆಯುತ್ತಿದ್ದ ಬರಹವನ್ನೆಲ್ಲ ಒಂದು ಕಡತದಲ್ಲಿ ಕೂಡಿಡುವಂತೆ ಎರಡು ಸಾಲು ಸೇರಿಸಿದ್ದಳು. ಓದುವ ಧೈರ್ಯ ಮಾತ್ರ ಬಂದಿರಲಿಲ್ಲ.

ಹತ್ತು ಗಂಟೆ ಹತ್ತು ನಿಮಿಷಕ್ಕೆ, ಚಂದ್ರಭಾಗಾ ಕೆಲಸಕ್ಕೆ ಬಂದು ಕೂತಿದ್ದಾಗ, ಗಾಳಿಮನೆಯ ನೆಲ ನಡುಗಿತು. ಗೋಡೆಯ ಮೇಲಿನ ದೊಡ್ಡ ಫಲಕದಲ್ಲಿ ಪೂರ್ವದ ಭಾಗವಾದ ಮೂಡಲಖಣಿಯ ದೀಪಗಳು ಒಮ್ಮೆಲೇ ಆರಿದವು. ಮಾಣಿಕಪ್ಪ ಅವಳಿಗೆ ಫೋನು ಮಾಡಿದ. ಅವನ ಹಿಂದೆ ಕಲ್ಲುಗಳು ಉರುಳುವ ಸದ್ದು.

"ಮೂಡಲಖಣಿ ದಾರಿ ಮ್ಯಾಲ ಬಂಡಿಗಲ್ಲ ಕುಸದದ. ಮುಖ್ಯ ಕೇಬಲ್ಲೂ ಅದರ ಕೆಳಗ ಸಿಕ್ಕದ. ನಾವು ಅಗಿಲಾಕ ನಿಂತೀವಿ, ಆದ್ರ ಸಂಜಿ ಆಗ್ತದ."

"ಒಳಗ ಮಂದಿ?"

"ಏನೂ ಕೇಳಸವಲ್ದು. ಅವರ ಕಡಿ ಒಂದ ಮೆಟ್ಟಿಲ ಅದಲ್ಲ, ಹೊರಗ ಹೋಗೂದು. ಅದರಾಗ ಹತ್ತಿ ಹೋಗಿರಬೇಕು."

ಆ ಮೆಟ್ಟಿಲು ಒಂದು ತಂಪು ಕೊಠಡಿಗೆ ಏರುತ್ತಿತ್ತು. ಇಂಥ ಹೊತ್ತಿಗೆಂದೇ ಕಟ್ಟಿದ್ದು. ಪಟೇಲರು ಫಲಕ ನೋಡಿದರು. ಕುಸಿತವಾದ ಮೇಲೆ ಮೂಡಲಖಣಿಯಿಂದ ಬಂದ ಅರ್ಜಿಗಳು: ಸೊನ್ನೆ.

"ಯಾರೂ ಕೇಳ್ತಾ ಇಲ್ಲ ಅಂದ್ರ ಯಾರೂ ಇಲ್ಲ. ಮ್ಯಾಲ ಹೋಗ್ಯಾರ" ಎಂದರು. ಅಷ್ಟರಲ್ಲಿ ಇನ್ನೊಂದು ಕೆಟ್ಟ ಸುದ್ದಿ ಬಂತು. ನಡುಕಕ್ಕೆ ಎರಡು ಬೀಸಣಿಗೆಗಳಲ್ಲಿ ಒಂದು ನಿಂತುಹೋಗಿತ್ತು. ದವಾಖಾನೆಯ ಓಣಿಯಲ್ಲಿ ಇನ್ನೂರು ರೋಗಿಗಳಿದ್ದರು. ಪಟೇಲರು ತಡಮಾಡಲಿಲ್ಲ. ಮೂಡಲಖಣಿಯ ಅರ್ಧ ಗಾಳಿಯನ್ನು ಆ ಕಡೆಗೆ ತಿರುಗಿಸಿದರು. ಉಳಿದರ್ಧವೂ ಹನ್ನೆರಡರ ಪಾಳಿಗೆ, ಅರ್ಜಿ ಬಾರದ ಕಾರಣ, ತಾನಾಗಿಯೇ ನಿಲ್ಲಲಿತ್ತು.

ಹನ್ನೊಂದೂ ಕಾಲಿಗೆ ಚಂದ್ರಭಾಗಾಳ ಫೋನು ಮತ್ತೆ ರಿಂಗಣಿಸಿತು. ಸೂಗಮ್ಮ. ಅವರ ಮನೆ ಇದ್ದದ್ದು ದವಾಖಾನೆಯ ಓಣಿಯ ಬದಿಗೆ.

"ಚಂದ್ರವ್ವಾ, ಮನ್ಯಾಗ ಗಾಳಿ ರಪರಪ ಬರ್ಲಾಕತ್ತದ. ಕ್ಯಾಲೆಂಡರ್ ಹಾರಿ ಬಿತ್ತು. ಇಷ್ಟ್ಯಾಕ ಬಿಟ್ಟೀರಿ?"

"ಕೆಲಸ ಅದ ಅತ್ತಿ, ಆಮ್ಯಾಲ ಹೇಳ್ತೀನಿ."

"ಹೇಳಬ್ಯಾಡ, ಆದ್ರ ಕೇಳು. ಇದ್ದ ಗಾಳಿ ಇಷ್ಟ. ನಮಗ ಹೆಚ್ಚ ಬಂತಂದ್ರ ಇನ್ನೊಬ್ಬರಿಗಿ ಕಡಿಮಿ ಆಗ್ಯದ. ಯಾರ ಪಾಲಿಂದು ಇದು?"

ಫೋನು ಇಟ್ಟ ಮೇಲೂ ಆ ಮಾತು ಚಂದ್ರಭಾಗಾಳ ಕಿವಿಯಲ್ಲಿ ಉಳಿಯಿತು. ಮೂಡಲಖಣಿಯಲ್ಲಿ ಸಾವಿರದ ನಾನೂರ ಆರು ಜನ. ಮುದುಕರು, ಬಾಣಂತಿಯರು ಎಲ್ಲ ಇದ್ದಾರೆ. ಅಷ್ಟೂ ಜನ ಒಬ್ಬರೂ ಒಂದು ಗುಂಡಿ ಒತ್ತದೆ ಎದ್ದು ಹೋಗುವುದುಂಟೆ? ಫಲಕ ತೋರಿಸುವುದು ಸ್ಕ್ರಿಪ್ಟ್ ಒಪ್ಪಿಕೊಂಡ ಅರ್ಜಿಗಳನ್ನು ಮಾತ್ರ. ಒಪ್ಪದವು?

ಅವಳು ತಿರಸ್ಕೃತ ಅರ್ಜಿಗಳ ಪಟ್ಟಿ ತೆರೆದಳು. ದಿನಕ್ಕೆ ಹತ್ತೋ ಹನ್ನೆರಡೋ ಇರುತ್ತಿದ್ದವು. ಈಗ ಎರಡು ಸಾವಿರದ ಒಂಬೈನೂರು! ಎಲ್ಲವೂ ಒಂದೇ ವಿಳಾಸದಿಂದ. ಒಂದೇ ಕಡೆಯಿಂದ ನಿಮಿಷಕ್ಕೆ ಮೂರಕ್ಕಿಂತ ಹೆಚ್ಚು ಅರ್ಜಿ ಬಂದರೆ ಅದು ಕಿಡಿಗೇಡಿಯ ಕೆಲಸ, ಬಾಗಿಲು ಹಾಕು ಎಂದು ಸ್ಕ್ರಿಪ್ಟಿನಲ್ಲಿ ಬರೆದವಳು ಅವಳೇ. ಸ್ಕ್ರಿಪ್ಟ್ ಹೇಳಿದಂತೆ ಮಾಡಿತ್ತು.

ಆ ವಿಳಾಸ ಯಾವ ಮನೆಯದೂ ಅಲ್ಲ. ಖಣಿ ಕೆಲಸದ ಕಾಲದಿಂದ ಗೋಡೆಯಲ್ಲಿ ಕೂತಿದ್ದ ಹಳೆಯ ರಿಲೇ ಪೆಟ್ಟಿಗೆಯದು. ಮುಖ್ಯ ಕೇಬಲ್ ತುಂಡಾದಾಗ ಮೂಡಲಖಣಿಯ ಪರದೆಗಳೆಲ್ಲ ಆ ಪೆಟ್ಟಿಗೆಯ ಸಣ್ಣ ತಂತಿಗೆ ಜೋತುಬಿದ್ದಿದ್ದವು. ಇಡೀ ಕೇರಿಯ ಕಾಗದವನ್ನು ಒಬ್ಬನೇ ಹೊತ್ತು ತಂದರೆ ಹೇಗೋ ಹಾಗೆ, ಸರ್ವರ್‌ಗೆ ಕಂಡದ್ದು ಹೊತ್ತವನ ಮುಖ ಮಾತ್ರ.

ಎರಡು ವರ್ಷ ತೆರೆಯದೆ ಇಟ್ಟಿದ್ದ ಕಡತವನ್ನು ಅವಳು ತೆರೆದಳು.

"ಮನಿಯಾಗ 5 ಮಂದಿ. ಛತ್ತ ಬಿರುಕ ಬಿಟ್ಟದ."

"ನಮ್ಮವ್ವಗ ದಮ್ಮ ಅದ. ಗಾಳಿ ಅರ್ಧ ಆಗ್ಯದ, ಯಾಕ?"

"ಮೆಟ್ಟಿಲಿನ ಬಾಗಿಲಿಗೂ ಕಲ್ಲ ಬಿದ್ದಾವ. ಹೊರಗ ಹೋಗಲಾಕ ದಾರಿ ಇಲ್ಲ."

"ನಾನು ನರ್ಸ್ ಶಿವಲೀಲಾ. ಬಿದ್ದ ಮನಿಯವರನ್ನ ಗಟ್ಟಿ ಇದ್ದ ಮನಿಗೋಳಿಗಿ ಸೇರಸೀನಿ. ಈ ಮನ್ಯಾಗ 41 ಮಂದಿ ಅದೀವಿ. ಐದು ಮಂದಿ ಗಾಳಿ ಸಾಲವಲ್ದು. ಯಾರರೆ ಓದ್ಲಾಕತ್ತೀರೇನು?"

ಚಂದ್ರಭಾಗಾ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದಳು.

"ಸಾಹೇಬ್ರ, ಮಂದಿ ಒಳಗ ಅದಾರ್ರಿ!"

ಪಟೇಲರು ಓದಿದರು. "ಬರದದ್ದನ್ನ ಯಾಕ ಕೂಡಿಟ್ಟೀರಿ ಅಂತ ಆಮ್ಯಾಲ ಕೇಳ್ತೀನಿ. ಈಗ ಇದು ಹೇಳ್ರಿ. ಒಂದ ವಿಳಾಸದಾಗ ಕುಂತು ಒಬ್ಬ ಮನಷ್ಯ ಮೂರ ಸಾವಿರ ಬರೀಬಹುದಿಲ್ಲೋ? ಬೀಸಣಿಗಿ ಒಂದ ಉಳದದ. ದವಾಖಾನಿ ಗಾಳಿ ತಗದು ಅಲ್ಲಿ ಬಿಟ್ಟೆ, ಅದು ಸುಳ್ಳಾತು ಅಂದ್ರ? ಬರದದ್ದು ನಂಬಿ ನಾ ಹನ್ನೊಂದ ಮಣ್ಣಿಗಿ ಹೋಗೀನಿ, ಚಂದ್ರಭಾಗಾ ಬಾಯಿ."

"ಬರೇ ನಂಬ್ರಿ ಅನ್ನಂಗಿಲ್ರಿ. ತಾಳೆ ನೋಡೂಣು ಅಂತೀನಿ."

ರಿಲೇ ಪೆಟ್ಟಿಗೆ ತಾನು ಸಾಗಿಸುವ ಪ್ರತಿ ಅರ್ಜಿಯ ತಲೆಯ ಮೇಲೆ ಒಂದು ಸಣ್ಣ ಟಿಪ್ಪಣಿ ಸೇರಿಸುತ್ತಿತ್ತು: ಇದು ಮೂಲದಲ್ಲಿ ಇಂಥ ವಿಳಾಸದಿಂದ ಬಂದದ್ದು ಎಂದು. ಸ್ಕ್ರಿಪ್ಟ್ ಆ ಸಾಲನ್ನು ಎಂದೂ ಓದಿರಲಿಲ್ಲ, ಓದುವ ಪ್ರಮೇಯವೇ ಬಂದಿರಲಿಲ್ಲ. ಚಂದ್ರಭಾಗಾ ಅದನ್ನು ಹೊರಗೆಳೆದು ತೋರಿಸಿದಳು. ಇನ್ನೂರ ಎಂಟು ಬೇರೆ ಬೇರೆ ವಿಳಾಸಗಳು, ಎಲ್ಲವೂ ಮೂಡಲಖಣಿಯ ಮನೆಗಳು.

"ಆ ಟಿಪ್ಪಣಿನೂ ಯಾರರೆ ಬರೀಬಹುದಲ್ಲ?" ಎಂದರು ಪಟೇಲರು. ಅವರು ಹಟಕ್ಕೆ ಕೇಳುತ್ತಿರಲಿಲ್ಲ. ಅದು ಸರಿಯಾದ ಪ್ರಶ್ನೆಯೇ ಆಗಿತ್ತು.

"ಹೊರಗಿನವರಿಂದ ಬಂದಿದ್ರ ನಾನೂ ನಂಬ್ತಿದ್ದಿಲ್ಲ. ಆದ್ರ ಪೆಟ್ಟಿಗಿ ನಮ್ಮದು. ಅದರ ವಿಳಾಸ ಸರ್ವರ್ ತಾನ ಕಂಡದ, ಯಾರೂ ಹೇಳಿದ್ದಲ್ಲ. ನಮ್ಮ ಪೆಟ್ಟಿಗಿ ಬರದ ಟಿಪ್ಪಣಿ ಅಷ್ಟ ಓದೂಣು."

ಪಟೇಲರು ತಲೆಯಾಡಿಸಿದರು. "ಮಂದಿ ಅದಾರ ಅಂತ ಒಪ್ಪಿದೆ. ಇನ್ನೂರ ಎಂಟ ಮನಿಗಿ ನೋಂದಣಿ ಪ್ರಕಾರ ಒಂಬೈನೂರ ಮೂವತ್ತ ಮಂದಿ ಗಾಳಿ ಬಿಡ್ರಿ."

"ಸಾಲಂಗಿಲ್ರಿ! ನೋಂದಣ್ಯಾಗ ಐದಿದ್ದ ಮನ್ಯಾಗ ನಲವತ್ತೊಂದು ಅದಾರ. ಬರದಷ್ಟು ಬಿಡಬೇಕು."

ಪಟೇಲರು ಗಡಿಯಾರದತ್ತ ತಿರುಗಿದರು. ಒಂಬತ್ತು ವರ್ಷ ಅವರು ಹೆದರಿದ್ದ ಮಾತು ಅದೊಂದೇ. ಗೋಡೆಯ ಗಡಿಯಾರ ಹನ್ನೊಂದೂ ಮೂವತ್ತೈದು ತೋರಿಸುತ್ತಿತ್ತು.

"ಕೂಡಿಸಿ ನೋಡ್ರಿ" ಎಂದರು ಕೊನೆಗೆ. "ಒಬ್ಬರರೆ ಹೆಚ್ಚಿಗಿ ಬರದಿದ್ರ ಮೊತ್ತ ಮೂಡಲಖಣಿ ಮಂದಿಕಿಂತ ಹೆಚ್ಚ ಬರ್ತದ."

ಚಂದ್ರಭಾಗಾ ಪ್ರತಿ ಮನೆಯ ಕಡೆಯ ಅರ್ಜಿಯನ್ನು ಮಾತ್ರ ಆರಿಸಿ ಕೂಡಿಸಿದಳು. ಒಂದು ಸಾವಿರದ ಅರವತ್ತೆರಡು. ಹೆಚ್ಚಲ್ಲ, ಕಡಿಮೆ! ಮುನ್ನೂರ ನಲವತ್ತನಾಲ್ಕು ಜನ ಎಲ್ಲಿ? ಕಲ್ಲಿನಡಿಯೇ? ಇಬ್ಬರೂ ಮುಖ ಮುಖ ನೋಡಿಕೊಂಡರು.

ಚಂದ್ರಭಾಗಾ ಪಟ್ಟಿಯ ಮೇಲೆ ಮೊದಲಿನಿಂದ ಕಣ್ಣಾಡಿಸುತ್ತ ಬಂದಳು. ಕೆಲವು ಮನೆಗಳ ಮುಂದೆ ಸ್ಕ್ರಿಪ್ಟ್ ಸೊನ್ನೆ ಹಾಕಿತ್ತು. ಒಂದನ್ನು ತೆರೆದಳು. ಬರೆದದ್ದು ೨೩. ಇನ್ನೊಂದು, ೧೭. ಮತ್ತೊಂದು ಮನೆಯ ಹಿರಿಯರು ಅಂಕಿಯನ್ನೇ ಬರೆದಿರಲಿಲ್ಲ; "ಹದಿನಾಲ್ಕು ಮಂದಿ, ಒಂದು ತೊಟ್ಟಿಲ ಕೂಸು" ಎಂದು ಅಕ್ಷರದಲ್ಲಿ ತುಂಬಿದ್ದರು.

"ಅಯ್ಯ ನಮ್ಮವ್ವ!" ಎಂದು ಚಂದ್ರಭಾಗಾ ಹಣೆ ಬಡಿದುಕೊಂಡಳು. "ಕನ್ನಡ ಅಂಕಿ ಬರದಾರ್ರಿ. ನಮ್ಮ ಸ್ಕ್ರಿಪ್ಟಿಗಿ ಓದ್ಲಾಕ ಬರಂಗಿಲ್ಲ!"

ಪರದೆಗಳಿಗೆ ಕನ್ನಡ ಅಂಕಿ ಬಂದದ್ದು ಪಟೇಲರ ನಿಯಮವಾದ ಮೇಲೆ; ಆ ಒಂಬತ್ತು ವರ್ಷ ಯಾರೂ ಓದದಿದ್ದುದರಿಂದ ಈ ತಪ್ಪು ಯಾರಿಗೂ ಕಂಡಿರಲಿಲ್ಲ. ಕನ್ನಡ ಅಂಕಿಗಳನ್ನು ಗುರುತಿಸುವ ಸಾಲುಗಳನ್ನು ಬರೆಯಲು ಅವಳಿಗೆ ನಾಲ್ಕು ನಿಮಿಷ ಹಿಡಿಯಿತು. ಅಕ್ಷರದಲ್ಲಿ ಬರೆದ ಆರು ಮನೆಗಳನ್ನು ಪಟೇಲರು ತಾವೇ ಓದಿ ಹೇಳಿದರು, ಅವಳು ಕೈಯಿಂದ ತುಂಬಿದಳು. ತೊಟ್ಟಿಲ ಕೂಸನ್ನೂ ಬಿಡಲಿಲ್ಲ. ಮತ್ತೆ ಕೂಡಿಸಿದಳು.

ಒಂದು ಸಾವಿರದ ಮುನ್ನೂರ ತೊಂಬತ್ತೊಂದು.

"ಇನ್ನೂ ಹದಿನೈದು ಕಡಿಮಿ" ಎಂದರು ಪಟೇಲರು.

ಆಗ ಹೊರಗಿನ ಗಲಾಟೆ ಅವರ ಕಿವಿಗೆ ಬಿತ್ತು. ಬಹಳ ಹೊತ್ತಿನಿಂದಲೂ ಅದು ಇತ್ತು. ಬೆಳಿಗ್ಗೆ ಪಡುವಲಖಣಿಯ ಸಂತೆಗೆ ಬಂದಿದ್ದ ಮೂಡಲಖಣಿಯ ಕೆಲವರು ಸುದ್ದಿ ಕೇಳಿ ಓಡಿಬಂದು ಗಾಳಿಮನೆಯ ಬಾಗಿಲು ಬಡಿಯುತ್ತಿದ್ದರು. ನಿಮ್ಮವರೆಲ್ಲ ಮೆಟ್ಟಿಲು ಹತ್ತಿ ಹೋಗಿದ್ದಾರೆ ಎಂದು ಕಾವಲಿನವನು ಅವರನ್ನು ಸಮಾಧಾನ ಮಾಡುತ್ತಿದ್ದ. ಪಟೇಲರು ದಡದಡನೆ ಹೋಗಿ ಬಾಗಿಲು ತೆರೆದರು.

"ಮೂಡಲಖಣಿಯವರು ಕೈ ಎತ್ರಿ! ಎಷ್ಟ ಮಂದಿ ಬಂದೀರಿ ಸಂತಿಗಿ? ಇನ್ನ ಯಾರರೆ ಹಿಂದ ಉಳದಾರೇನು?"

"ಇಲ್ರಿ, ನಾವಿಷ್ಟ ಜನಾನೇ" ಎಂದಳು ತಲೆಯ ಮೇಲೆ ಬುಟ್ಟಿಯಿದ್ದ ಹೆಂಗಸು.

ಪಟೇಲರು ಬೆರಳು ಚಾಚಿ ಒಬ್ಬೊಬ್ಬರನ್ನೇ ಎಣಿಸಿದರು. ಮುಗಿದ ಮೇಲೆ ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದರು. ತಿರುಗಿ ಒಳಗೆ ಬಂದಾಗ ಅವರ ಕಣ್ಣು ತುಂಬಿತ್ತು.

"ಹದಿನೈದು, ಬಾಯಿ. ಬರೋಬ್ಬರಿ ಹದಿನೈದು. ಉಸರ ಕಟ್ಟೂ ಹೊತ್ತಿನಾಗ ಸೈತ ಒಬ್ಬರೂ ಒಂದ ಅಂಕಿ ಹೆಚ್ಚಿಗಿ ಬರದಿಲ್ಲ." ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. "ಬಿಡ್ರಿ. ಬರದಷ್ಟು ಬಿಡ್ರಿ."

ಹನ್ನೆರಡರ ಪಾಳಿಗೆ ಇನ್ನು ಹನ್ನೊಂದು ನಿಮಿಷ ಉಳಿದಿತ್ತು. ಓಡುತ್ತಿರುವ ಸ್ಕ್ರಿಪ್ಟನ್ನು ಬದಲಿಸುವುದೆಂದರೆ ನಲವತ್ತು ಸಾವಿರ ಜನರ ಕವಾಟಗಳಿಗೆ ಕೈ ಹಾಕಿದಂತೆ. ಒಂದು ಚುಕ್ಕೆ ತಪ್ಪಿದರೆ ಎಲ್ಲವೂ ಮುಚ್ಚಿಕೊಳ್ಳಬಹುದು. ಚಂದ್ರಭಾಗಾ ಹಳೆಯದನ್ನು ಪಕ್ಕಕ್ಕೆ ನಕಲು ಮಾಡಿಟ್ಟು, ಹೊಸ ನಿಯಮಗಳನ್ನು ಬರೆಯತೊಡಗಿದಳು: ಅರ್ಜಿ ನಮ್ಮ ರಿಲೇಯಿಂದ ಬಂದಿದ್ದರೆ ಟಿಪ್ಪಣಿಯ ವಿಳಾಸ ಓದು. ಬೇರೆ ಯಾರೇ ಅಂಥ ಟಿಪ್ಪಣಿ ತಂದರೂ ಕಣ್ಣೆತ್ತಿ ನೋಡಬೇಡ. ಬರೆದ ಲೆಕ್ಕವನ್ನು ತೆಗೆದುಕೋ, ಎರಡು ಬಗೆಯ ಅಂಕಿಗಳಲ್ಲೂ. ಇಡೀ ಕೇರಿಯ ಮೊತ್ತ ನೋಂದಣಿಯನ್ನು ಮೀರಿದರೆ ಮನುಷ್ಯರನ್ನು ಕರೆ. ಬರೆದು ಮುಗಿಸಿ, ಎರಡು ಸಲ ಓದಿ, ಮೊದಲು ತನ್ನ ಒಂದೇ ಮನೆಯ ಮೇಲೆ ಪರೀಕ್ಷೆ ಮಾಡಿದಳು. ಕವಾಟ ತೆರೆದೇ ಇತ್ತು. ಆಮೇಲೆ ಊರಿಗೆಲ್ಲ ಅನ್ವಯಿಸಿ ಗುಂಡಿ ಒತ್ತಿದಳು.

ಫಲಕದಲ್ಲಿ ಏನೂ ಆಗಲಿಲ್ಲ. ಒಂದು ಕ್ಷಣ, ಎರಡು ಕ್ಷಣ.

ಆಮೇಲೆ ಕತ್ತಲಾಗಿದ್ದ ಪೂರ್ವದ ಮೂಲೆಯಲ್ಲಿ ಒಂದು ಹಸಿರು ದೀಪ ಹತ್ತಿತು. ಅದರ ಪಕ್ಕ ಇನ್ನೊಂದು. ನೋಡುನೋಡುತ್ತಿದ್ದಂತೆ ಹತ್ತು, ಮೂವತ್ತು, ನೂರು; ದೀಪಾವಳಿಯ ಹಣತೆಗಳ ಹಾಗೆ ಇನ್ನೂರ ಎಂಟೂ ಹತ್ತಿಕೊಂಡವು. ದಾರಿ ಕುಸಿದಿದ್ದರೂ ಗಾಳಿಯ ಕೊಳವೆಗಳು ಗಟ್ಟಿಯಾಗಿದ್ದವು. ಬಾಗಿಲಲ್ಲಿ ನಿಂತ ಹದಿನೈದು ಜನ ಏನಾಯಿತೆಂದು ಪೂರ್ತಿ ತಿಳಿಯದೆಯೂ ಕೇಕೆ ಹಾಕಿದರು. ಬುಟ್ಟಿಯ ಹೆಂಗಸು ನೆಲದ ಮೇಲೆ ಕೂತು ಅತ್ತಳು.

ಒಂದೇ ಬೀಸಣಿಗೆಯ ಗಾಳಿ ಎಲ್ಲರಿಗೂ ಸಾಲಬೇಕಿತ್ತು. ಪಟೇಲರು ಊರಿನ ಎಲ್ಲ ಪರದೆಗಳಿಗೂ ಒಂದು ಸಾಲು ಕಳಿಸಿದರು: "ಮೂಡಲಖಣಿಯವರು ಸಿಕ್ಕಿಕೊಂಡಿದ್ದಾರೆ. ನಿಮ್ಮ ಮನೆಯಲ್ಲಿ ಈಗ ನಿಜಕ್ಕೂ ಎಷ್ಟು ಜನರಿದ್ದೀರಿ, ಬರೆಯಿರಿ. ಓದುತ್ತೇವೆ." ಹನ್ನೆರಡರ ಪಾಳಿಯ ಅರ್ಜಿಗಳು ಬಂದವು. ಕೆಲಸಕ್ಕೆ ಹೋದವರನ್ನು ಕಳೆದು, ಶಾಲೆಗೆ ಹೋದ ಮಕ್ಕಳನ್ನು ಕಳೆದು, ಮನೆಮನೆಯೂ ತನ್ನ ಪಾಲನ್ನು ಕಡಿಮೆ ಮಾಡಿ ಬರೆದಿತ್ತು. ಒಬ್ಬಳೇ ಇದ್ದ ಸೂಗಮ್ಮ ಒಂದು ಎಂದು ತುಂಬಿ, "ನನಗ ಅರ್ಧ ಸಾಕು" ಎಂದು ಸೇರಿಸಿದ್ದರು. ಗಾಳಿ ಸಾಲಿತು. ಸ್ವಲ್ಪ ಮಿಕ್ಕಿತು ಕೂಡ.

ಚಂದ್ರಭಾಗಾ ಶಿವಲೀಲಾಳ ಪರದೆಗೆ ಉತ್ತರ ಕಳಿಸಿದಳು: "ಓದ್ಲಾಕತ್ತೀವಿ. ಹೇಳ್ರಿ." ಸಂಜೆಯವರೆಗೂ ಅವರಿಬ್ಬರ ನಡುವೆ ಪರದೆಯ ಮೇಲೆ ಬರಹ ಓಡಾಡಿತು. ಯಾವ ಗೋಡೆ ಅಲುಗಾಡುತ್ತಿದೆ, ಎಲ್ಲಿ ಅಗೆಯಬಾರದು ಎಂದು ಒಳಗಿನವರು ಬರೆದರು. ಚಂದ್ರಭಾಗಾ ಅದನ್ನು ಫೋನಿನಲ್ಲಿ ಮಾಣಿಕಪ್ಪನಿಗೆ ಓದಿ ಹೇಳಿದಳು. ಅವನ ತಂಡ ಆ ಕಡೆ ಬಿಟ್ಟು ಈ ಕಡೆ ಉಳಿ ಇಟ್ಟಿತು. ಐದೂವರೆಗೆ ಬಂಡೆಯಲ್ಲಿ ಒಬ್ಬರು ನುಸುಳುವಷ್ಟು ಕಿಂಡಿ ಬಿತ್ತು.

ಪಟೇಲರು ಕಿಂಡಿಯ ಬಾಯಲ್ಲಿ ನಿಂತು ಹೊರಬಂದವರನ್ನು ಜೋರಾಗಿ ಎಣಿಸಿದರು. ಮುದುಕರು ಬಂದರು, ಹೊದಿಕೆಯಲ್ಲಿ ಸುತ್ತಿದ ಕೂಸು ಬಂತು, ಕಾಲು ಮುರಿದವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಎಲ್ಲರಿಗಿಂತ ಕೊನೆಗೆ, ಸೀರೆಯೆಲ್ಲ ಕಲ್ಲಿನ ಧೂಳಾಗಿ, ಶಿವಲೀಲಾ.

"ಸಾವಿರದ ಮುನ್ನೂರ ತೊಂಬತ್ತೊಂದು!" ಪಟೇಲರ ಕೂಗಿಗೆ ಖಣಿ ಮಾರ್ದನಿಸಿತು. ಎಲ್ಲಿಂದಲೋ ಹಲಗೆ ವಾದ್ಯದ ಬಡಿತ ಶುರುವಾಯಿತು. ಕುಣಿಯಲು ತ್ರಾಣವಿಲ್ಲದವರೂ ಕೂತಲ್ಲೇ ತಾಳ ಹಾಕಿದರು.

ಪಟೇಲರು ಕೈ ಎತ್ತಿದರು. ಹಲಗೆ ನಿಂತಿತು.

"ಒಂದ ಮಾತು ಹೇಳಬೇಕು. ಒಂಬತ್ತ ವರ್ಷ ನೀವು ಬರದದ್ದನ್ನ ನಾವು ಓದಿಲ್ಲ. ಓದಬ್ಯಾಡ ಅಂದಾವ ನಾನ."

ಶಿವಲೀಲಾ ಸೆರಗಿನಿಂದ ಮುಖ ಒರೆಸಿಕೊಂಡು ಅವರನ್ನು ನೋಡಿದಳು.

"ಇವತ್ತ ಓದೀರಲ್ರಿ ಸಾಹೇಬ್ರ. ಇನ್ನ ಮ್ಯಾಲೂ ಓದ್ರಿ. ತಪ್ಪಸ್ಬ್ಯಾಡ್ರಿ."

ಹಲಗೆ ಮತ್ತೆ ಬಡಿಯತೊಡಗಿತು.

ಅವತ್ತಿನ ಆರರ ಪಾಳಿ, ಎಲ್ಲರೂ ಹೊರಬಂದ ಮೇಲೆ, ರಾತ್ರಿ ಒಂಬತ್ತರ ಹೊತ್ತಿಗೆ ನಡೆಯಿತು. ಓದುತ್ತಾರೆಂಬ ಸುದ್ದಿ ಊರೆಲ್ಲ ಹಬ್ಬಿ, ಅರ್ಜಿಗಳ ಕೊನೆಯ ಜಾಗ ಉಕ್ಕಿ ಹರಿಯುತ್ತಿತ್ತು. ಗಾಳಿಮನೆಯಲ್ಲಿ ಓದುವವರು ಸಾಲಲಿಲ್ಲ. ಅಕ್ಷರ ಬಲ್ಲವರೆಲ್ಲ ಬಂದು ನೆಲದ ಮೇಲೆ ಸಾಲಾಗಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಯಾರೋ ಚಹಾ ಹಂಚಿದರು.

ಪಟೇಲರು ಕನ್ನಡಕ ಏರಿಸಿಕೊಂಡು ತಮ್ಮ ಪಾಲಿನ ಮೊದಲ ಬರಹವನ್ನು ಓದಿ ಮುಗಿಸಿ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ಚಂದ್ರಭಾಗಾ ಅದೇ ಮೊದಲು ನೋಡಿದ್ದು.

"ಬಾಜೂ ಮನಿಯಾಕಿ ಮುಂಜಾನೆ ನಾಕಕ್ಕ ಎದ್ದು ಶೇಂಗಾ ಕುಟ್ತಾಳಂತ, ನಿದ್ದಿ ಬರಂಗಿಲ್ಲಂತ. ಇದಕ್ಕೇನ ಮಾಡೂಣು ಬಾಯಿ, ಗಾಳಿಗಿ ಸಂಬಂಧ ಇಲ್ಲ!"

"ಉತ್ತರಾ ಬರೀರಿ ಸಾಹೇಬ್ರ" ಎಂದಳು ಚಂದ್ರಭಾಗಾ. "ಕಾಯ್ಲಾಕತ್ತಿರ್ತಾರ."

ಪಟೇಲರು ಪರದೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು.